ಕನಸು ಕಾಣುತ್ತೀರಾ ಎಂಬ ಪ್ರಶ್ನೆ

ಡೊಂಬಿವಲಿ (ಪೂರ್ವ)
12 ಜೂನ್ 2024

ಶ್ರೀ ಕಶ್ಯಪ ಅವರಿಗೆ ನಮಸ್ಕಾರಗಳು.

ಮೇಲ್ ಮಾಡಿ ಎಂದಿರಿ. ಮೇಲ್ ಆದರೂ ನನಗೆ ಅದು ಕಾಗದವೇ. ಠಾಣೆ ನಗರದ ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಕಾಗದ ಬರೆಯುವುದನ್ನು ಕಲಿಸಿದವಳು ನಾನು. ಊರು, ತಾರೀಖು ಹಾಕದೆ ಕೈ ಮುಂದೆ ಹೋಗುವುದಿಲ್ಲ.

ಗೋದಾಮು ಕಂಪನಿಯ ಎಚ್‌ಆರ್ ಮ್ಯಾನೇಜರ್ ಜಯಶೀಲ ಶೆಟ್ಟರು ನಮ್ಮ ಉಡುಪಿ ಕಡೆಯವರು. ಮನೆಗೇ ಬಂದು ಕೇಳಿದರು. “ಎಂತ ಇಲ್ಲ ಟೀಚರ್, ಒಂದು ಪ್ರಶ್ನೆಪತ್ರಿಕೆ ಕನ್ನಡಕ್ಕೆ ಮಾಡಿಕೊಡಿ. ಕಲ್ಯಾಣದ ಗೋದಾಮಿನಲ್ಲಿ ವಿಜಯಪುರ, ಕಲಬುರಗಿ ಕಡೆಯ ಹೆಲ್ಪರ್‌ಗಳು ತುಂಬ ಇದ್ದಾರೆ. ಯಾರ ಸ್ವಭಾವ ಯಾವುದು ಅಂತ ಗೊತ್ತಾದರೆ ಯಾರಿಗೆ ಯಾವ ಕೆಲಸ ಅಂತ ಹೇಳಬಹುದಲ್ಲ?” ಎಂದರು. ಅದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ತೂಗಿ ನೋಡಿ ವರದಿ ಕೊಡುವವರು ಮೈಸೂರಿನಲ್ಲಿರುವ ನೀವು ಎಂದೂ ತಿಳಿಸಿದರು.

ಪ್ರಶ್ನೆಗಳೆಲ್ಲ ಕನ್ನಡಕ್ಕೆ ಬಂದವು. ಎರಡು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ. ‘ಟೈಪ್’ ಎನ್ನುವುದಕ್ಕೆ ಏನು ಹಾಕಲಿ? ಬಗೆ, ವಿಧ, ವರ್ಗ ಎಲ್ಲ ಬರೆದು ನೋಡಿದೆ. ಬಾಯಿಗೆ ಮೊದಲು ಬರುವ ‘ಜಾತಿ’ಯನ್ನು ಹೊಡೆದುಹಾಕಿದೆ. ಇನ್ನೊಂದು, ಮನಸ್ಸು ತೇಲಿಹೋಗುವ ಬಗ್ಗೆ ಇರುವ ಪ್ರಶ್ನೆ. ‘ಕೆಲಸ ಮಾಡುವಾಗ ನಿಮ್ಮ ಗಮನ ಬೇರೆಲ್ಲಿಗೋ ಹೋಗುತ್ತದೆಯೇ?’ ಎಂದು ಬರೆದಿದ್ದೇನೆ. ಓದಿದರೆ ಯಾರೋ ಗದರಿದ ಹಾಗಿದೆ.

ನಮ್ಮ ಬಾಲ್ಕನಿಯಿಂದ ಲೋಕಲ್ ರೈಲು ಹೋಗುವುದು ಕಾಣುತ್ತದೆ. ಸಂಜೆ ಅಲ್ಲಿ ಕುಳಿತು ಈ ಪ್ರಶ್ನೆಗಳನ್ನು ಓದಿಕೊಂಡೆ. ದೀಪ ಹೊತ್ತಿದ ಒಂದೊಂದು ಕಿಟಕಿಯೂ ಒಂದೊಂದು ಉತ್ತರ ಹೇಳಿಕೊಂಡು ಹೋದ ಹಾಗಾಯಿತು. ಯಾವುದೂ ಪೂರ್ತಿ ಕೇಳಿಸಲಿಲ್ಲ.

ಇಂತು,
ಸುಲೋಚನಾ


ಮೈಸೂರು
18 ಜೂನ್ 2024

ಮಾನ್ಯ ಸುಲೋಚನಾ ಮೇಡಂ ಅವರಿಗೆ,

ಕೆಲಸದ ಮೇಲ್‌ಗೆ ಇಂಥ ಉತ್ತರ ಬಂದದ್ದು ಇದೇ ಮೊದಲು. ಎರಡು ಸಲ ಓದಿದೆ.

‘ವರ್ಗ’ ಇರಲಿ. ನಾಲ್ಕು ವರ್ಗಗಳಿಗೆ ನೀವು ಕೊಟ್ಟ ಹೆಸರುಗಳೂ ಇರಲಿ: ಸ್ಥಿರರು, ಕೂಡಿ ಬಾಳುವವರು, ಏಕಾಂತಪ್ರಿಯರು, ಕನಸುಗಾರರು. ಇಂಗ್ಲಿಷ್ ಹೆಸರುಗಳಿಗಿಂತ ಇವೇ ಚೆನ್ನಾಗಿವೆ.

ಗಮನದ ಪ್ರಶ್ನೆಯ ಬಗ್ಗೆ ನಿಮ್ಮ ಅನುಮಾನ ಸರಿ. ಗದರಿಸಿದ ಹಾಗಿದ್ದರೆ ಕೆಲಸ ಹೋದೀತು ಎಂದು ಹೆದರಿ ಎಲ್ಲರೂ ‘ಇಲ್ಲ’ ಎಂದೇ ಹೇಳುತ್ತಾರೆ. ಸ್ವಲ್ಪ ಮೆತ್ತಗೆ ಕೇಳೋಣ. ‘ಕೆಲಸದ ನಡುವೆ ಕನಸು ಕಾಣುತ್ತೀರಾ?’ ಎಂದರೆ ಹೇಗೆ?

ಓದು ಬಾರದವರಿಗೆ ನೀವೇ ಪ್ರಶ್ನೆಗಳನ್ನು ಓದಿ ಹೇಳಬಹುದು ಎಂದು ಶೆಟ್ಟರಿಗೆ ಬರೆದಿದ್ದೇನೆ. ನಿಮಗೆ ತೊಂದರೆ ಆಗದಿದ್ದರೆ ಮಾತ್ರ.

ಕಶ್ಯಪ


ಡೊಂಬಿವಲಿ
9 ಜುಲೈ 2024

ಕಶ್ಯಪ ಅವರಿಗೆ,

‘ಕನಸು ಕಾಣುತ್ತೀರಾ’ ಎಷ್ಟು ಚೆಂದ! ಆ ಒಂದು ಸಾಲು ಬಂದ ಮೇಲೆ ಇಡೀ ಪತ್ರಿಕೆಗೇ ಜೀವ ಬಂತು. ಹಾಗೇ ಹಾಕಿದೆ.

ನಿನ್ನೆಗೆ ಓದಿ ಹೇಳುವ ಕೆಲಸ ಮುಗಿಯಿತು. ಕಲ್ಯಾಣದ ಸ್ಟೇಷನ್ನಿನಿಂದ ಗೋದಾಮಿಗೆ ಕಂಪನಿಯ ಬಸ್ಸು. ಮಳೆ ಸುರಿದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರು, ರಸ್ತೆ, ಆಕಾಶ ಎಲ್ಲ ಒಂದೇ ಬೂದು ಬಣ್ಣ. ಬಸ್ಸು ತೇಲಿಕೊಂಡು ಹೋಗುತ್ತಿದೆಯೇನೋ ಅನ್ನಿಸುತ್ತಿತ್ತು. ಗೋದಾಮು ನಮ್ಮ ಶಾಲೆಯ ಮೈದಾನಕ್ಕಿಂತ ದೊಡ್ಡದು. ಸೂರಿನವರೆಗೂ ಪೆಟ್ಟಿಗೆಗಳು. ನಡುವಿನ ಓಣಿಗಳಲ್ಲಿ ಪೆಟ್ಟಿಗೆ ಎತ್ತಿಡುವ ಫೋರ್ಕ್‌ಲಿಫ್ಟ್‌ಗಳು ಹಳದಿ ದೀಪ ತಿರುಗಿಸುತ್ತಾ ಓಡಾಡುತ್ತವೆ.

ಊಟದ ಕೋಣೆಯ ಮೂಲೆಯಲ್ಲಿ ನನಗೊಂದು ಮೇಜು ಹಾಕಿದ್ದರು. ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ವಿಜಯಪುರದ ಪದ್ಮಾವತಿ ಎನ್ನುವವಳು ಬಂದವಳೇ, “ಅಕ್ಕಾರ, ಇದು ಫೇಲ್ ಪಾಸ್ ಐತೇನ್ರೀ?” ಎಂದಳು. ಶೆಟ್ಟರು ಹೇಳಿಕೊಟ್ಟ ಹಾಗೆ ಅಂಥದ್ದೇನೂ ಇಲ್ಲ ಎಂದೆ. ಅವಳ ಗಂಡ ಖಾರಘರದ ಬಿಲ್ಡಿಂಗ್ ಕೆಲಸದಲ್ಲಿದ್ದಾನೆ. ಇವಳು ಇಲ್ಲಿ ಪೆಟ್ಟಿಗೆ ಎತ್ತುತ್ತಾಳೆ. ಕುಳಿತುಕೊಳ್ಳುವಾಗ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಕುಳಿತಳು.

“ಕೆಲಸದ ನಡುವೆ ಕನಸು ಕಾಣುತ್ತೀರಾ?” ಎಂದು ಕೇಳಿದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

“ಹೂಂನ್ರೀ ಅಕ್ಕಾರ, ದಿನಾ ಕಾಣ್ತೀನಿ!”

ಆ ಪುಟದಲ್ಲಿ ಗುರುತು ಹಾಕುವಾಗ ನನಗೂ ಖುಷಿಯಾಯಿತು.

ಸುಲೋಚನಾ


ಮೈಸೂರು
20 ಜುಲೈ 2024

ಸುಲೋಚನಾ ಮೇಡಂ,

ಉತ್ತರಗಳೆಲ್ಲ ಬಂದಿವೆ. ಪ್ರತಿಯೊಂದನ್ನೂ ಬಿಡದೆ ತುಂಬಿಸಿದ್ದೀರಿ. ತುಂಬ ಥ್ಯಾಂಕ್ಸ್.

ನಿಮ್ಮ ಗೋದಾಮಿನಲ್ಲಿ ಕನಸುಗಾರರ ಸಂಖ್ಯೆ ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಾ ಇದನ್ನೇ ಯೋಚಿಸುತ್ತಿದ್ದೆ. ಅಷ್ಟೆತ್ತರ ಪೇರಿಸಿದ ಪೆಟ್ಟಿಗೆಗಳ ನೆರಳಿನಲ್ಲಿ ಅಷ್ಟೊಂದು ಜನ ಕನಸು ಕಾಣುತ್ತಾ ಓಡಾಡುತ್ತಿದ್ದಾರೆ. ಒಳ್ಳೆಯ ಚಿತ್ರ, ಅಲ್ಲವೇ?

ಯಾವ ನಂಬರಿನವರು ಯಾವ ವರ್ಗ ಎಂಬ ಮೊದಲ ಪಟ್ಟಿಯನ್ನು ಶೆಟ್ಟರಿಗೆ ಕಳಿಸಿದ್ದೇನೆ. ಪೂರ್ತಿ ವರದಿಗೆ ಸಮಯವಿದೆ.

ಕಶ್ಯಪ


ಡೊಂಬಿವಲಿ
2 ಸೆಪ್ಟೆಂಬರ್ 2024

ಕಶ್ಯಪ ಅವರಿಗೆ,

ಒಳ್ಳೆಯ ಚಿತ್ರ ಎಂದು ಬರೆದಿದ್ದಿರಿ. ಆ ಚಿತ್ರದಲ್ಲಿ ಏನಾಯಿತು ಎಂದು ಹೇಳುತ್ತೇನೆ.

ಕೆಲಸ ಮುಗಿದರೂ ನಾನು ಗೋದಾಮಿಗೆ ಹೋಗುವುದನ್ನು ಬಿಟ್ಟಿಲ್ಲ. ಊಟದ ಹೊತ್ತಿಗೆ ಆ ಹೆಂಗಸರ ಜೊತೆ ಕೂರುತ್ತೇನೆ. ಮನೆಯಲ್ಲಿ ಯಾರಿದ್ದಾರೆ ಹೇಳಿ. ಕಳೆದ ವಾರ ಹೋದಾಗ ಪದ್ಮಾವತಿ ನನ್ನ ಹತ್ತಿರ ಬರಲಿಲ್ಲ. ದೂರ ಗೋಡೆಗೆ ಒರಗಿ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ನಾನೇ ಹೋದೆ.

“ಯಾಕೆ ಪದ್ಮಾವತಿ?”

“ಏನಿಲ್ರೀ ಅಕ್ಕಾರ. ನಂದು ಕನಸಿನ ಜಾತಿ ಅಂತ ಬಂತಂತ. ಗಾಡಿ ಟ್ರೇನಿಂಗ್‌ಗ ಆಗೂದಿಲ್ಲ ಅಂದ್ರು.”

ಹೆಲ್ಪರ್‌ಗಳ ಮೇಲ್ವಿಚಾರಕ, ಮುಕಾದಮ ಭೀಮು ಹೇಳಿದ್ದಂತೆ. ಫೋರ್ಕ್‌ಲಿಫ್ಟ್ ಕಲಿಸಲು ಸ್ಥಿರರನ್ನು ಮಾತ್ರ ಆರಿಸಿದ್ದಾರೆ. ಕೂಡಿ ಬಾಳುವವರು ಲಾರಿಯವರ ಜೊತೆ ಮಾತಾಡುವ ಕೌಂಟರಿಗೆ, ಏಕಾಂತಪ್ರಿಯರು ಮಾಲು ಎಣಿಸುವುದಕ್ಕೆ. ಕನಸುಗಾರರು ಎಲ್ಲಿಗೆ ಎಂದು ಭೀಮುವನ್ನೇ ಕೇಳಿದೆ. ಇದ್ದಲ್ಲೇ ಎಂದ. ಯಂತ್ರದ ಮೇಲೆ ಕೂತು ಕನಸು ಕಂಡರೆ ಯಾರನ್ನಾದರೂ ಗುದ್ದಿಬಿಡುತ್ತಾರಂತೆ.

“ನೀನು ಏನು ಕನಸು ಕಾಣುತ್ತಿದ್ದೆ, ಪದ್ಮಾವತಿ?” ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು, ಇದನ್ನೂ ಕೇಳಬೇಕೇ ಎನ್ನುವ ಹಾಗೆ.

“ಆ ಗಾಡಿ ನಾ ಹೊಡಿಯೂದ್ರೀ. ಮತ್ತೇನ್ ಕಾಣ್ಲಿ? ನನ್ನ ನಡಾ ಹೋಗೈತಿ. ಇನ್ನೊಂದ ವರ್ಷ ಪೆಟಿಗಿ ಎತ್ತಿದ್ನೆಂದ್ರ ಹಾಸಿಗಿ ಹಿಡಿತೀನಿ. ಅದ್ಕ ದಿನಾ ಕಾಣ್ತೀನಿ ಅಂದ್ನಿ.”

ಕಶ್ಯಪ ಅವರೇ, ನಮ್ಮ ಭಾಷೆಯಲ್ಲಿ ಕನಸು ಕಾಣುವುದು ಎಂದರೆ ಮೈಮರೆಯುವುದಷ್ಟೇ ಅಲ್ಲ, ಆಸೆ ಇಟ್ಟುಕೊಳ್ಳುವುದೂ ಹೌದು. ನಾವಿಬ್ಬರೂ ಆ ಸಾಲಿನ ಚೆಂದ ನೋಡಿ ಇದನ್ನು ಮರೆತೆವು. ಆಸೆ ಇದ್ದವರೆಲ್ಲ ಹೌದು ಎಂದರು. ಹೌದು ಎಂದವರನ್ನೆಲ್ಲ ಹೊರಗಿಟ್ಟರು.

ಬೇಗ ಬರೆಯಿರಿ.

ಸುಲೋಚನಾ


ಮೈಸೂರು
5 ಸೆಪ್ಟೆಂಬರ್ 2024

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಆ ಪ್ರಶ್ನೆಯನ್ನು ಬದಲಿಸಿ, ಅದೇ ಜನರಿಗೆ ಇನ್ನೊಮ್ಮೆ ಪರೀಕ್ಷೆ ಮಾಡುವುದು ಸರಿಯಾದ ಕ್ರಮ. ತಿಂಗಳ ಕೊನೆಯೊಳಗೆ ಸಾಧ್ಯವೇ? ಕಂಪನಿಗೆ ನಾನೇ ಬರೆಯುತ್ತೇನೆ. ಫಲಿತಾಂಶ ಬರುವವರೆಗೆ ದಯವಿಟ್ಟು ಯಾರ ಹತ್ತಿರವೂ ಈ ಬಗ್ಗೆ ಮಾತಾಡಬೇಡಿ.

ಕಶ್ಯಪ


ಡೊಂಬಿವಲಿ
30 ಸೆಪ್ಟೆಂಬರ್ 2024

ಕಶ್ಯಪ ಅವರಿಗೆ,

ನೀವು ಹೇಳಿದಂತೆ ಮಾತಾಡಲಿಲ್ಲ. ಪರೀಕ್ಷೆ ಇನ್ನೊಮ್ಮೆ ಆಯಿತು, ಉತ್ತರಗಳನ್ನು ಕಳಿಸಿದ್ದೇನೆ. ಪದ್ಮಾವತಿ ಬಂದು ಕುಳಿತಳು, ಆದರೆ ಈ ಸಲ ಪ್ರತಿ ಪ್ರಶ್ನೆಗೂ, “ಇದಕ್ಕ ಏನ್ ಅಂದ್ರ ಛಲೋರೀ ಅಕ್ಕಾರ?” ಎಂದು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ನೆರೂಳಿನಿಂದ ಮಗಳು ಅನುಷ್ಕಾ ಬಂದಿದ್ದಳು. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ನಮ್ಮ ಮನೆಯ ಪದ್ಧತಿ ಅದು. ಪ್ರಶ್ನೆಪತ್ರಿಕೆ ನೋಡಿ ನಕ್ಕಳು. “ಮಮ್ಮಿ, ಹಮಾರೇ ಆಫೀಸ್ ಮೇಂ ಭೀ ಹುವಾ ಥಾ. ಮೇರಾ ಟೈಪ್ ಹರ್ ಸಾಲ್ ಬದಲ್ತಾ ಹೈ!” ಅವಳ ಆಫೀಸಿನಲ್ಲೂ ಮಾಡಿದ್ದರಂತೆ, ಅವಳ ವರ್ಗ ಪ್ರತಿ ವರ್ಷ ಬದಲಾಗುತ್ತದಂತೆ; ಅವರಲ್ಲಿ ಅದು ಪಿಕ್ನಿಕ್ಕಿನ ಆಟವಂತೆ. ಒಂದೇ ಪ್ರಶ್ನೆಪತ್ರಿಕೆ ಒಂದು ಕಡೆ ಆಟ, ಇನ್ನೊಂದು ಕಡೆ ಅನ್ನ ಕಿತ್ತುಕೊಳ್ಳುವ ಕೈ ಆಗುವುದು ಹೇಗೆ ಎಂದು ಯೋಚಿಸುತ್ತಾ ಮಲಗಿದೆ.

ಕನಸು ಬಿತ್ತು. ಲೋಕಲ್ ಡಬ್ಬಿಯ ತುಂಬ ನನ್ನ ಹಳೆಯ ವಿದ್ಯಾರ್ಥಿಗಳು. ಯಾವ ಸ್ಟೇಷನ್ ಬಂದರೂ ಯಾರೂ ಇಳಿಯುತ್ತಿಲ್ಲ. ಬೋರ್ಡುಗಳಲ್ಲಿ ಊರಿನ ಹೆಸರಿರಲಿಲ್ಲ, ನಾನು ಇಟ್ಟ ನಾಲ್ಕು ಹೆಸರುಗಳಿದ್ದವು.

ಸುಲೋಚನಾ


ಮೈಸೂರು
14 ಅಕ್ಟೋಬರ್ 2024

ಸುಲೋಚನಾ ಟೀಚರಿಗೆ,

ಶೆಟ್ಟರು ನಿಮ್ಮನ್ನು ಕರೆಯುವ ಹಾಗೆ ನಾನೂ ಕರೆಯಬಹುದೇ?

ಲೆಕ್ಕ ಮುಗಿಯಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಎರಡನೇ ಸಲ ಬೇರೆ ವರ್ಗಕ್ಕೆ ಹೋಗಿದ್ದಾರೆ. ಕನಸಿನ ಪ್ರಶ್ನೆಯನ್ನು ಪೂರ್ತಿ ತೆಗೆದು ಲೆಕ್ಕ ಹಾಕಿದರೂ ಹಾಗೇ. ಅಂದರೆ ತಪ್ಪು ಆ ಒಂದು ಸಾಲಿನದ್ದಲ್ಲ. ಇನ್ನೂ ಒಂದು ನೋಡಿದೆ. ಈಗಾಗಲೇ ಯಂತ್ರ ನಡೆಸುತ್ತಿರುವ ಹಳಬರಿಗೂ ಇದೇ ಪರೀಕ್ಷೆ ಆಗಿತ್ತಲ್ಲ, ಅವರಲ್ಲಿ ನಾಲ್ಕೂ ವರ್ಗದವರಿದ್ದಾರೆ. ಅಪಘಾತ ಮಾಡಿದವರು, ಮಾಡದವರು ಎಲ್ಲ ವರ್ಗದಲ್ಲೂ ಇದ್ದಾರೆ. ಜನ ತಮ್ಮ ಬಗ್ಗೆ ತಾವು ಮಾತಾಡಿಕೊಳ್ಳಲು ಈ ಪರೀಕ್ಷೆ ಒಂದು ನೆಪವಾಗಬಹುದು. ಯಾರಿಗೆ ಕೆಲಸ ಕೊಡಬೇಕು, ಯಾರಿಗೆ ಕೊಡಬಾರದು ಎನ್ನುವುದಕ್ಕೆ ಇದು ಸಲ್ಲದು. ವರದಿಯಲ್ಲಿ ಹಾಗೇ ಬರೆಯುತ್ತೇನೆ.

ಒಂದು ಅನುಮಾನವಿದೆ. ನನ್ನ ಬಳಿ ನಂಬರ್ ಮಾತ್ರ ಇರುವ ಒಬ್ಬರು ಮೊದಲ ಸಲ ಏಕಾಂತಪ್ರಿಯರ ಕೊನೆಯ ಅಂಚಿನಲ್ಲಿದ್ದರು. ‘ಯಾರೂ ಬರದಿದ್ದರೆ ನೆಮ್ಮದಿ’ ಎನ್ನುವುದಕ್ಕೆ ಪೂರ್ತಿ ಹೌದು. ಎರಡನೇ ಸಲ ಕೂಡಿ ಬಾಳುವವರ ನಟ್ಟನಡುವೆ ಇದ್ದಾರೆ. ಇಷ್ಟು ದೂರ ಬೇರೆ ಯಾರೂ ಹೋಗಿಲ್ಲ. ಗುರುತು ಹಾಕುವಾಗ ತಪ್ಪಾಗಿರಬಹುದೇ? ತಪ್ಪಾಗಿದ್ದರೆ ತೆಗೆದುಹಾಕುತ್ತೇನೆ.

ಕಶ್ಯಪ


ಡೊಂಬಿವಲಿ
20 ಅಕ್ಟೋಬರ್ 2024

ಪ್ರಿಯ ಕಶ್ಯಪ,

ತೆಗೆಯಬೇಡಿ. ಗುರುತು ತಪ್ಪಿಲ್ಲ. ಅದು ನಾನು.

ಜೂನ್‌ನಲ್ಲಿ ಅನುವಾದ ಸರಿಯಾಗಿದೆಯೇ ನೋಡಲು ನನ್ನ ಉತ್ತರಗಳನ್ನೇ ತುಂಬಿಸಿದೆ, ಆಮೇಲೆ ಅದನ್ನೂ ಉಳಿದವರ ಜೊತೆ ಸೇರಿಸಿಬಿಟ್ಟೆ; ಎರಡನೇ ಸಲವೂ ಹಾಗೇ ಮಾಡಿದೆ. ನಮ್ಮವರು ಹೋಗಿ ಎರಡು ವರ್ಷವಾಗಿತ್ತು. ಕಾಲಿಂಗ್ ಬೆಲ್ ಆದರೆ ಉಸಿರು ಬಿಗಿಹಿಡಿದು ಸುಮ್ಮನೆ ಕೂರುತ್ತಿದ್ದೆ, ಬಂದವರು ಹೋಗಲಿ ಎಂದು. ನನ್ನ ಸ್ವಭಾವವೇ ಹೀಗೆ ಎಂದು ನಂಬಿದ್ದೆ. ಅದು ದುಃಖವಾಗಿತ್ತು, ಸ್ವಭಾವವಲ್ಲ. ಗೋದಾಮಿನ ಹೆಂಗಸರು ತಮ್ಮ ಡಬ್ಬಿಯ ಮುಚ್ಚಳದಲ್ಲಿ ನನಗೆ ಪಲ್ಯ ಹಾಕಿಕೊಡಲು ಶುರು ಮಾಡಿದ ಮೇಲೆ ಗೊತ್ತಾಯಿತು.

ಜೂನ್‌ನ ಉತ್ತರದ ಮೇಲೆ ಯಾರಾದರೂ ನನ್ನನ್ನು ಮಾಲು ಎಣಿಸುವುದಕ್ಕೆ ಕೂರಿಸಿದ್ದರೆ ನಾನು ಅಲ್ಲೇ ಇರುತ್ತಿದ್ದೆ, ನನಗಿದೇ ತಕ್ಕದ್ದು ಅಂದುಕೊಂಡು.

ಟೀಚರ್ ಎಂದೇ ಕರೆಯಿರಿ. ವರದಿ ಯಾವಾಗ?

ಸುಲೋಚನಾ


ನೆರೂಳ
28 ನವೆಂಬರ್ 2024

ಕಶ್ಯಪ,

ಒಂದು ತಿಂಗಳಿನ ಮೇಲಾಯಿತು. ಉತ್ತರವಿಲ್ಲ. ಫೋನ್ ಎತ್ತುವುದಿಲ್ಲ.

ಶೆಟ್ಟರನ್ನು ಕೇಳಿದರೆ, “ಅವರ ವಿಷಯ ಬಿಡಿ ಟೀಚರ್,” ಎಂದು ಮುಖ ತಿರುಗಿಸಿದರು. ನಿಮ್ಮ ಕೆಲಸವೇ ಕಂಪನಿ ಕೊಡುವ ಪ್ರಾಜೆಕ್ಟಿನ ಮೇಲೆ ನಿಂತಿದೆ ಎಂದು ಆಫೀಸಿನಲ್ಲಿ ಬೇರೆ ಯಾರೋ ಹೇಳಿದರು. ನೀವು ನನಗೆ ಹೇಳಿರಲಿಲ್ಲ. ಹಾಗಿದ್ದರೆ ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ಬೈಯುವುದಿಲ್ಲ. ಆದರೆ ಪದ್ಮಾವತಿ ಮುಂದಿನ ವಾರ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ ಏನು ಹೇಳಲಿ ಎಂದಾದರೂ ಬರೆಯಬಹುದಿತ್ತು.

ಮಗಳ ಮನೆಯಲ್ಲಿದ್ದೇನೆ. ಖಾಡಿಗೆ ಫ್ಲೆಮಿಂಗೊಗಳು ಬರತೊಡಗಿವೆ. ಬೆಳಗಿನ ಮಂಜಿನಲ್ಲಿ ದೂರದಿಂದ ನೋಡಿದರೆ ಹಕ್ಕಿಗಳೆನ್ನಿಸುವುದಿಲ್ಲ, ನೀರಿನ ಮೇಲೆ ಯಾರೋ ಗುಲಾಬಿ ಬಣ್ಣದ ಉಸಿರು ಬಿಟ್ಟ ಹಾಗೆ. ಇದನ್ನು ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆದೆ.

ಸುಲೋಚನಾ


ಮೈಸೂರು
1 ಡಿಸೆಂಬರ್ 2024

ಟೀಚರ್,

ಅವಳಿಗೆ ಕೆಲಸ ಬಿಡಬೇಡ ಎಂದು ಹೇಳಿ. ಇವತ್ತೇ ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ನಾನು ಠಾಣೆಗೆ ಬಂದಿದ್ದೆ. ನವೆಂಬರ್ ಮೊದಲ ವಾರ. ವರದಿ ಕಳಿಸಿದ ಕೂಡಲೇ ಕಂಪನಿಯ ಡೈರೆಕ್ಟರುಗಳು ಅಲ್ಲಿನ ಆಫೀಸಿಗೆ ಕರೆಸಿದರು. ಕೊನೆಯ ಒಂದು ಪುಟ ಬದಲಿಸಿ ಎಂದು ಕೇಳಿದರು, ತುಂಬ ಮರ್ಯಾದೆಯಿಂದಲೇ. ಆಗುವುದಿಲ್ಲ ಎಂದೆ. ನಿಮ್ಮ ಉತ್ತರಗಳನ್ನೇ ಉದಾಹರಣೆ ಕೊಟ್ಟೆ, ಹೆಸರು ಹೇಳದೆ. ಒಬ್ಬ ವ್ಯಕ್ತಿಯ ಸ್ವಭಾವವೆಂದು ಪರೀಕ್ಷೆ ತೋರಿಸಿದ್ದು ಅವರ ದುಃಖವಾಗಿತ್ತು ಎಂದೆ. ಆಗ ಜಯಶೀಲ ಶೆಟ್ಟರು ಎದ್ದು, “ಸಾರ್, ನನ್ನ ಮೇಜಿಗೆ ಬಂದು ನಿಂತು ಯಾಕೆ ಅಂತ ಕೇಳುವವರು ಈ ಹೆಲ್ಪರ್‌ಗಳು. ಅವರಿಗೆ ನಾನು ಎಂತ ಹೇಳಲಿ?” ಎಂದರು. ಶೆಟ್ಟರಿಗೂ ಹಾಗೆ ಹೇಳುವುದು ಸುಲಭವಿರಲಿಲ್ಲ. ಅದನ್ನು ಹೊರಗೆ ಹೇಳಬಾರದು ಎಂದು ಅವರೇ ನನ್ನನ್ನು ಕೇಳಿಕೊಂಡರು. ಅವರು ಮುಖ ತಿರುಗಿಸಿದ್ದು ಅದಕ್ಕೇ ಇರಬೇಕು.

ಸಂಜೆ ತಲಾವ್ ಪಾಳಿಯಲ್ಲಿ ಕೆರೆಯ ಕಟ್ಟೆಯ ಮೇಲೆ ಕುಳಿತೆ. ದೋಣಿಗಳು ದೀಪ ಹಚ್ಚಿಕೊಂಡು ಸುತ್ತು ಹಾಕುತ್ತಿದ್ದವು. ನೀರಿನಲ್ಲಿ ಅಂಗಡಿಗಳು, ಜನ, ಬಲೂನು ಮಾರುವವರು ಎಲ್ಲ ತಲೆಕೆಳಗಾಗಿ ನಡುಗುತ್ತಿದ್ದರು. ಇಷ್ಟು ವರ್ಷ ನಾನು ಅಳೆಯುತ್ತಿದ್ದದ್ದು ಆ ನೆರಳುಗಳನ್ನೇನೋ ಅನ್ನಿಸಿತು. ಅಲ್ಲಿಂದ ಡೊಂಬಿವಲಿ ಎಷ್ಟು ದೂರ? ಒಂದು ಲೋಕಲ್ ಹತ್ತಿದ್ದರೆ ಬರಬಹುದಿತ್ತು. ಬರಲಿಲ್ಲ. ತೀರ್ಮಾನ ಆಗಿರಲಿಲ್ಲ, ಕೆಲಸ ಹೋಗುತ್ತದೆ ಎಂದು ಮಾತ್ರ ಗೊತ್ತಾಗಿತ್ತು. ಅದನ್ನು ಹೇಳಿದರೆ ನಿಮ್ಮ ಕಾಗದಗಳಿಂದಲೇ ಹೀಗಾಯಿತು ಎಂದು ನೀವು ಕೊರಗುತ್ತೀರಿ. ಅದಕ್ಕೇ ಸುಮ್ಮನಿದ್ದೆ. ಸುಮ್ಮನಿದ್ದರೆ ನೀವು ಏನು ತಿಳಿಯುತ್ತೀರಿ ಎಂದು ಯೋಚಿಸಲಿಲ್ಲ. ಜನರ ಮನಸ್ಸು ಅಳೆಯುವವನ ಬುದ್ಧಿ ನೋಡಿ.

ನಿನ್ನೆ ಕಂಪನಿಯ ಉತ್ತರ ಬಂತು. ಯಂತ್ರದ ಟ್ರೇನಿಂಗ್‌ಗೆ ಪರೀಕ್ಷೆಯನ್ನು ಕೈಬಿಟ್ಟಿದ್ದಾರೆ. ಇಷ್ಟವಿದ್ದವರೆಲ್ಲ ಬರಬಹುದು, ಹಳೆಯ ಆಪರೇಟರ್ ಪಕ್ಕದಲ್ಲಿ ನಿಂತು ಯಂತ್ರದ ಮೇಲೆಯೇ ಕೂರಿಸಿ ನೋಡುತ್ತಾರೆ. ಆಫೀಸಿನವರ ಪಿಕ್ನಿಕ್ಕಿಗೆ ಪರೀಕ್ಷೆಯನ್ನು ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳಲಿ. ನನ್ನ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ನಂಜನಗೂಡಿನ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಕರೆದಿದ್ದಾರೆ, ಹೋಗುತ್ತೇನೆ. ಕೊರಗಬೇಡಿ.

ಕಶ್ಯಪ


ಡೊಂಬಿವಲಿ
19 ಜನವರಿ 2025

ಪ್ರಿಯ ಕಶ್ಯಪ,

ಕೊರಗಿದೆ. ಹೇಳಿದ ಮಾತ್ರಕ್ಕೆ ನಿಲ್ಲುವುದಿಲ್ಲ ಅದು. ಠಾಣೆಯವರೆಗೆ ಬಂದು ಒಂದು ಲೋಟ ಕಾಫಿ ಕುಡಿಯದೆ ಹೋದಿರಲ್ಲ ಎಂದು ಸಿಟ್ಟೂ ಬಂತು. ಈಗ ಎರಡೂ ಇಳಿದಿವೆ. ಕಾಲೇಜು ಹೇಗಿದೆ? ಮಕ್ಕಳು ಮಾತಾಡಿಸುತ್ತಾರೆಯೇ?

ಪದ್ಮಾವತಿಯ ಸುದ್ದಿ. ಅವತ್ತೇ ಹೋಗಿ ಹೇಳಿದೆ. ನಂಬಲಿಲ್ಲ. ಭೀಮು ಬಂದು ಹೆಸರು ಬರೆದುಕೊಂಡು ಹೋದ ಮೇಲೆ ನಂಬಿದಳು. ಮೊದಲ ಸಲ ಕೂರಿಸಿದಾಗ ಹೆದರಿ, ತಿರುವಿನಲ್ಲಿ ಒಂದು ಸಾಲು ಪೆಟ್ಟಿಗೆಗಳನ್ನು ಬೀಳಿಸಿದಳು. ಖಾಲಿ ಪೆಟ್ಟಿಗೆಗಳು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಲ್ಲಿದ್ದ ಕೆಲವರು ನಕ್ಕರು. ಆ ಪರೀಕ್ಷೆ ಹೇಳಿದ್ದೇ ಸರಿ ಎಂದು ಯಾರೋ ಅಂದರು. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು, ನಿಮಗೆ ಸುಳ್ಳು ಯಾಕೆ ಹೇಳಲಿ? ಅವಳು ಇಳಿದು, ಬಿದ್ದ ಪೆಟ್ಟಿಗೆಗಳನ್ನೆಲ್ಲ ತಾನೇ ಪೇರಿಸಿ, ಕಲಿಸುವವನ ಹತ್ತಿರ ಹೋಗಿ, “ನಾಳಿಗಿ ಮತ್ತ ಬರ್ತೀನ್ರೀ,” ಎಂದಳು. ಕೇಳಿದ್ದಲ್ಲ, ತಿಳಿಸಿದ್ದು.

ನಿನ್ನೆ ಅವಳ ಕೊನೆಯ ಪರೀಕ್ಷೆ. ಗೋದಾಮಿನ ದೊಡ್ಡ ಬಾಗಿಲು ತೆರೆದಿತ್ತು. ಹೊರಗಿನ ಬಿಸಿಲು ಧೂಳಿನಲ್ಲಿ ಕರಗಿ ಒಳಗೆಲ್ಲ ಹಾಲಿನಂತೆ ಹರಡಿತ್ತು. ಅದರೊಳಗಿನಿಂದ ಅವಳು ಬಂದಳು. ಸೀರೆಯ ಮೇಲೆ ಶರ್ಟು, ತಲೆಗೆ ಹಳದಿ ಹೆಲ್ಮೆಟ್ಟು. ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಇಳಿಸಿ ನಿಂತರು. ಅವಳು ಯಾರ ಕಡೆಗೂ ನೋಡಲಿಲ್ಲ. ಭಾರವನ್ನು ಮೇಲೆತ್ತಿದಳು, ಎತ್ತಿದಳು, ಸೂರಿನ ಹತ್ತಿರದ ಕತ್ತಲೆಗೆ ಅದು ಸೇರಿಹೋಯಿತು. ಹಲಗೆಯ ಮೇಲೆ ಕೂತ ಸದ್ದೂ ಬರಲಿಲ್ಲ, ಅಷ್ಟು ಮೆತ್ತಗೆ ಇಟ್ಟಳು.

ಕಲಿಸುವವನು ಪಾಸು ಎಂದು ತಲೆಯಾಡಿಸಿದ. ಭೀಮು ಮೊದಲು ಚಪ್ಪಾಳೆ ತಟ್ಟಿದ.

ಅವಳು ಇಳಿದು ನೇರ ನನ್ನ ಹತ್ತಿರ ಬಂದು ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಇನ್ನೊಂದು ಕೈಯಿಂದ ಆ ಹಳದಿ ಹೆಲ್ಮೆಟ್ಟು ತೆಗೆದು ನನ್ನ ತಲೆಗಿಟ್ಟು ನಕ್ಕಳು.

ನಿಮ್ಮ,
ಸುಲೋಚನಾ ಟೀಚರ್